ದರ್ಜಿ ಬದುಕಿದ್ದಾನೆಯೇ?

ಚರ್ಚಾಸ್ಪರ್ಧೆಗಳಲ್ಲಿ ನಾನು ಬಹುಮಾನದ ಕಪ್ಪುಗಳನ್ನು ಗೆಲ್ಲತೊಡಗಿದ ಮೇಲೆ ಅದರ ಶ್ರೇಯಸ್ಸನ್ನೆಲ್ಲ ಶಾಲೆಯವರು ತಾವೇ ತೆಗೆದುಕೊಂಡರು. ಶಾಲೆ ನನಗೆ ಕಲಿಸಿದ್ದು ಮೇಜಿನ ಹಿಂದೆ ನಿಲ್ಲುವ ಭಂಗಿ, ಗಂಟೆ ಬಾರಿಸಿದ ಕೂಡಲೇ ಬಾಯಿ ಮುಚ್ಚುವ ಶಿಸ್ತು, ಇಷ್ಟೇ. ವಾದ ಮಾಡುವುದನ್ನು ಕಲಿತದ್ದು ಉಪ್ಪಲ್‌ನ ನಮ್ಮ ಮನೆಯ ಅಡುಗೆಕೋಣೆಯಲ್ಲಿ. ಅಲ್ಲಿ ಯಾವ ಮಾತನ್ನೂ ಯಾರೂ ಸುಮ್ಮನೆ ಒಪ್ಪಿಕೊಳ್ಳುತ್ತಿರಲಿಲ್ಲ. ರೊಟ್ಟಿ ತೆಳ್ಳಗಾದರೆ ವಾದ, ದಪ್ಪಗಾದರೆ ವಾದ. ಪಕ್ಕದ ಮನೆಯ ತೆಲುಗಿನ ಆಂಟಿ ಬಟ್ಟಲಲ್ಲಿ ಗೋಂಗೂರ ಪಚ್ಚಡಿ ಕೊಟ್ಟು ಹೋದ ದಿನವಂತೂ ಊಟ ಮುಗಿಯುವುದೇ ಕಷ್ಟ. ಅದು ನಮ್ಮ ಪುಂಡಿಪಲ್ಯವೇ ಅಲ್ಲವೇ ಎಂಬ ಪ್ರಶ್ನೆ ನನ್ನ ಬಾಲ್ಯದುದ್ದಕ್ಕೂ ಇತ್ಯರ್ಥವಾಗಲಿಲ್ಲ.

“ಗೋಂಗೂರನೇ ಪುಂಡಿಪಲ್ಯ ಆದ್ರ, ಆಂಟಿನೂ ನಾನೂ ಒಬ್ಬಾಕೀನೇ ಏನು?” ಎನ್ನುತ್ತಿದ್ದಳು ಅವ್ವ.

“ಎಲಿ ಒಂದೇ ಐತಿ. ಮಾಡೂ ಕೈ ಬ್ಯಾರೆ,” ಎನ್ನುತ್ತಿದ್ದ ಅಪ್ಪ.

“ಎಲೀನೂ ಬ್ಯಾರೆ. ಇಲ್ಲೀ ಮಣ್ಣಿಗೆ ಹುಳಿ ಜಾಸ್ತಿ,” ಎಂದು ಆಯಿ ಹೊರಗಿನ ಮಂಚದಿಂದಲೇ ತೀರ್ಪು ಕೊಡುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಯಾರು ಗೆಲ್ಲುವಂತೆ ಕಾಣುತ್ತಾರೋ ಅವರ ವಿರುದ್ಧ ನಿಲ್ಲುವುದು ಅವಳ ನಿಯಮ.

ಅಪ್ಪ ಸೇಡಂ ಕಡೆಯಿಂದ ಗಡಿ ದಾಟಿ ಬಂದು ತೆಲುಗು ಸೀಮೆಯ ಈ ದೊಡ್ಡ ಊರಿನಲ್ಲಿ ಫರ್ಶಿಕಲ್ಲು ಹಾಸುವ ಮೇಸ್ತ್ರಿಯಾದವನು. ಊರಿನ ಸುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳು ಅವು. ಅವುಗಳ ಒಳಗೆ ಹೊಳೆಯುವ ಗ್ರಾನೈಟು, ಹೊರಗಿನ ಮೆಟ್ಟಿಲು ಮತ್ತು ಕಾಲುದಾರಿಗಳಿಗೆ ನಮ್ಮ ಸೀಮೆಯ ಬೂದಿಬಣ್ಣದ ಕಲ್ಲು. ನಮ್ಮ ಮನೆಯ ನೆಲವನ್ನೂ ಅಪ್ಪನೇ ಹಾಸಿದ್ದ, ಕೆಲಸದಲ್ಲಿ ಉಳಿದ ತುಂಡುಗಳಿಂದ. ಒಂದು ಕಲ್ಲಿನಂತೆ ಇನ್ನೊಂದು ಇರಲಿಲ್ಲ. ಮುಂದಿನ ಕೋಣೆಯಲ್ಲಿ ಅಪ್ಪ ಅವ್ವ, ನಡುಮನೆಯಲ್ಲಿ ನಾನು ಮತ್ತು ಚಿಗವ್ವ, ಮೇಲೆ ಮಾಳಿಗೆಯಲ್ಲಿ ಬಾಡಿಗೆಗೆ ಕೊಟ್ಟ ಒಂದು ಕೋಣೆ. ಚಿಗವ್ವ ನನ್ನ ಕಾಕಾನ ಹೆಂಡತಿ, ಹೆಸರು ನಾಗಮ್ಮ. ಕಾಕಾ ಭೀಮರಾಯ ಅಪ್ಪನ ತಮ್ಮ, ಕಲ್ಲಿಗೆ ಪಾಲಿಶ್ ಹಿಡಿಯುವವನು. ನಾನು ತೊಟ್ಟಿಲಲ್ಲಿದ್ದಾಗ ಒಂದು ಬೆಳಗ್ಗೆ ಕೂಕಟ್‌ಪಲ್ಲಿಯಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿಗೆ ಕೆಲಸಕ್ಕೆ ಹೋದ. ಮಧ್ಯಾಹ್ನದವರೆಗೆ ಕೆಲಸ ಮಾಡಿದ್ದನ್ನು ಕಂಡವರಿದ್ದಾರೆ. ಚಹಾ ಕುಡಿದು ಬರುತ್ತೇನೆ ಎಂದು ಚೀಲವನ್ನು ಅಲ್ಲೇ ಬಿಟ್ಟು ರಸ್ತೆಗೆ ಇಳಿದದ್ದನ್ನೂ ಕಂಡವರಿದ್ದಾರೆ. ಅದಾದ ಮೇಲೆ ಕಂಡವರಿಲ್ಲ. ಪೊಲೀಸರಿಗೆ ಹೇಳಿದ್ದಾಯಿತು, ಸೇಡಂ ಕಡೆಯ ನಮ್ಮ ಊರಿಗೆ ಹೋಗಿ ಹುಡುಕಿದ್ದಾಯಿತು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಕಾಕಾ ಗೋಡೆಯ ಮೇಲಿನ ಒಂದು ಫೋಟೋ. ಫೋಟೋಕ್ಕೆ ಹಾರವಿಲ್ಲ, ಚಿಗವ್ವನ ಹಣೆಯಲ್ಲಿ ಕುಂಕುಮವಿದೆ, ಕೈತುಂಬ ಹಸಿರು ಗಾಜಿನ ಬಳೆಗಳಿವೆ. ಎಲ್ಲ ಮನೆಗಳಲ್ಲೂ ಹೀಗೆಯೇ ಇರುತ್ತದೆ ಎಂದು ನಾನು ತುಂಬ ದಿನ ತಿಳಿದಿದ್ದೆ.

ಮಾಳಿಗೆಯ ಕೋಣೆಗೆ ಇಬ್ಬರು ಸಾಫ್ಟ್‌ವೇರ್ ಹುಡುಗರು ಬಂದರು. ಮೈಸೂರಿನ ಹರ್ಷ, ಉಡುಪಿ ಕಡೆಯ ಪ್ರವೀಣ. ಉಪ್ಪಲ್ ಆಚೆಯ ಐಟಿ ಪಾರ್ಕಿನಲ್ಲಿ ಇಬ್ಬರಿಗೂ ರಾತ್ರಿ ಪಾಳಿ. ಬೆಳಗ್ಗೆ ಕಂಪನಿಯ ಕ್ಯಾಬು ಗೇಟಿನ ಮುಂದೆ ಇಳಿಸಿ ಹೋಗುವಾಗ ಅವರ ಮುಖಗಳು ತೊಳೆದು ಹಿಂಡಿದ ಬಟ್ಟೆಯಂತಿರುತ್ತಿದ್ದವು. ಶನಿವಾರ ಮಾತ್ರ ಬೇರೆ. ಅಂದು ಇಳಿಯುವಾಗಲೇ ಇಬ್ಬರೂ ಜಗಳವಾಡುತ್ತಿರುತ್ತಿದ್ದರು, ಪ್ರವೀಣನ ಕಂಕುಳಲ್ಲಿ ಒಂದು ಕಾಗದದ ಕಟ್ಟು. ಅದು ಜಪಾನಿನ ಒಂದು ಮಾಂಗಾ, ಅಂದರೆ ಚಿತ್ರಗಳಲ್ಲಿ ಬರೆದ ಕಥೆ. ಕಡಲುಗಳ್ಳರ ಕಥೆ. ವಾರಕ್ಕೊಂದು ಅಧ್ಯಾಯದಂತೆ ಅವರು ಹೈಸ್ಕೂಲಿನಲ್ಲಿದ್ದಾಗಿನಿಂದ ನಡೆಯುತ್ತಿತ್ತು, ಮುಗಿಯುವ ಲಕ್ಷಣವೇ ಇರಲಿಲ್ಲ. ಶುಕ್ರವಾರ ಯಾರೋ ಅದನ್ನು ಇಂಗ್ಲಿಷಿಗೆ ತಿರುಗಿಸಿ ಇಂಟರ್ನೆಟ್ಟಿಗೆ ಹಾಕುತ್ತಿದ್ದರು, ರಾತ್ರಿ ಇವರು ಆಫೀಸಿನ ಪ್ರಿಂಟರಿನಲ್ಲಿ ಕದ್ದು ಅಚ್ಚು ಹಾಕುತ್ತಿದ್ದರು. ನೀರಿನ ಟ್ಯಾಂಕಿನ ನೆರಳಿನಲ್ಲಿ ಕುಳಿತು ಶನಿವಾರ ಮಧ್ಯಾಹ್ನದವರೆಗೆ ಅದರ ಮೇಲೆ ವಾದ. ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದ ನಾನು ಒಂದು ದಿನ ಹರ್ಷನ ವಾದದಲ್ಲಿ ಒಂದು ತೂತು ತೋರಿಸಿದೆ. ಅಂದಿನಿಂದ ನನಗೂ ಒಂದು ಲೋಟ ಚಹಾ ಸಿಗತೊಡಗಿತು.

ಆ ಕಥೆಯಲ್ಲಿ ನೂರಾರು ಪಾತ್ರಗಳಿದ್ದವು. ಮಾಳಿಗೆಯ ಮೇಲೆ ಮುಖ್ಯವಾದವನು ಒಬ್ಬನೇ: ಹಡಗಿನ ಹಾಯಿಪಟಗಳನ್ನು ಹೊಲಿಯುವವನು. ಅವನ ಜಪಾನಿ ಹೆಸರು ನಮ್ಮ ನಾಲಿಗೆಗೆ ಒಗ್ಗದೆ ಅವನು ನಮಗೆ ದರ್ಜಿಯಾದ. ಕಡಲಿನ ನಡುವಿನ ಕಪ್ಪು ಸುಳಿಯೊಂದನ್ನು ದಾಟುವಾಗ ದರ್ಜಿ ಹಡಗಿನಿಂದ ಬೀಳುತ್ತಾನೆ. ಬಿದ್ದದ್ದನ್ನು ಬರೆದಿದ್ದಾರೆ, ಸತ್ತದ್ದನ್ನು ಬರೆದಿಲ್ಲ. ಆಮೇಲೆ ಹಡಗು ಹೋದ ದ್ವೀಪಗಳಲ್ಲೆಲ್ಲ ಒಂದು ವಿಚಿತ್ರ: ದಡದಲ್ಲಿ ಬಿದ್ದ ಹಳೆಯ ಹಡಗುಗಳ ಹರಿದ ಪಟಗಳನ್ನು ಯಾರೋ ಹೊಲಿದು ಹೋಗಿದ್ದಾರೆ. ಹೊಲಿಗೆ ಎಡಕ್ಕೆ ತಿರುಚಿಕೊಂಡಿದೆ. ಹಾಗೆ ಹೊಲಿಯುತ್ತಿದ್ದವನು ದರ್ಜಿ ಒಬ್ಬನೇ.

“ಹೆಣ ತೋರಿಸಿಲ್ಲ ಅಂದ್ರೆ ಸತ್ತಿಲ್ಲ ಗುರು. ಇದು ರೂಲು,” ಎನ್ನುತ್ತಿದ್ದ ಹರ್ಷ. “ಅವನು ಮುಂದೆ ಮುಂದೆ ಹೋಗ್ತಾ ಗುರುತು ಬಿಡ್ತಿದಾನೆ.”

“ಗುರುತು ಬಿಡುವವ ಒಂದು ಚೀಟಿ ಬರೆದಿಡ್ಲಿಕ್ಕೆ ಆಗುದಿಲ್ವಾ ಮಾರಾಯ?” ಪ್ರವೀಣನದು ಬೇರೆ ಸಿದ್ಧಾಂತ. “ಅವ ಪಾರ್ಟಿ ಬದಲಿಸಿದ್ದಾನೆ. ಈಗ ನೌಕಾಪಡೆಯ ಒಟ್ಟಿಗೆ ಉಂಟು.”

ನಾನು ಮಾತ್ರ ದರ್ಜಿ ಸತ್ತಿದ್ದಾನೆ ಎನ್ನುವ ಪಕ್ಷ. ನನ್ನ ತರ್ಕ ಸರಳ. ಆ ಸುಳಿಗೆ ಬಿದ್ದ ಇನ್ನಾರೂ ಬದುಕಿಲ್ಲ. ಇವನೊಬ್ಬ ಬದುಕಿದ್ದಾನೆ ಎನ್ನುವವರು ಪುಟ ತೋರಿಸಬೇಕು. ಹೆಣ ಕಾಣಲಿಲ್ಲ ಎಂಬುದು ನಮ್ಮ ಅಜ್ಞಾನದ ವರ್ಣನೆಯೇ ಹೊರತು ಅವನ ಆಯುಷ್ಯದ ಪ್ರಮಾಣಪತ್ರವಲ್ಲ. ಚಿತ್ರ ಬರೆಯುವಾತ ನಿಮ್ಮನ್ನು ಶನಿವಾರದಿಂದ ಶನಿವಾರಕ್ಕೆ ಎಳೆದುಕೊಂಡು ಹೋಗುತ್ತಿದ್ದಾನೆ, ನೀವು ಹೋಗುತ್ತಿದ್ದೀರಿ ಎಂದು ಹೇಳಿದಾಗ ಹರ್ಷ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದ.

ಒಗೆದ ಬಟ್ಟೆ ಹರವಲು ಚಿಗವ್ವ ಮಾಳಿಗೆಗೆ ಬರುತ್ತಿದ್ದಳು. ಮೊದಲಲ್ಲಿ ಬಟ್ಟೆ ಹಾಕಿ ಇಳಿದುಬಿಡುತ್ತಿದ್ದಳು. ಆಮೇಲೆ ಒಂದೇ ಸೀರೆಯ ಸುಕ್ಕು ಬಿಡಿಸಲು ತುಂಬ ಹೊತ್ತು ಹಿಡಿಯತೊಡಗಿತು. ಹುಡುಗರು ಅವಳನ್ನು ನನ್ನಂತೆಯೇ ಚಿಗವ್ವ ಎಂದು ಕರೆಯುತ್ತಿದ್ದರು. ಆ ಕಥೆಯನ್ನು ಬಲದಿಂದ ಎಡಕ್ಕೆ ಓದಬೇಕೆಂಬುದು ಅವಳಿಗೆ ದೊಡ್ಡ ತಮಾಷೆ.

“ಉರ್ದು ಓದಿದಂಗ ಓದತೀರಲ್ರಿ. ನಮ್ಮ ಬಳಿಗಾರ ಸಾಬಗ ಕೊಟ್ರ ನಿಮಗಿಂತ ಲಗೂ ಓದಿ ಒಗದಾನು.”

“ಇಂಗ್ಲಿಷು ಚಿಗವ್ವ,” ಎಂದ ಹರ್ಷ.

“ಇಂಗ್ಲಿಷ್ ನನಗೂ ಬರಂಗಿಲ್ಲ. ಚಿತ್ರ ಬರತೈತಿ.” ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಪುಟಗಳನ್ನು ತೆಗೆದುಕೊಂಡಳು, ಎಲ್ಲವನ್ನೂ ನಿಧಾನವಾಗಿ ನೋಡಿದಳು. “ಇವಗ ಹೇಣ್ತಿ ಇಲ್ಲೇನ್ರಿ, ದರ್ಜಿಗೆ?”

ಇಬ್ಬರೂ ಮುಖ ನೋಡಿಕೊಂಡರು. ಅಷ್ಟು ವರ್ಷ ಓದಿದವರು ಅದನ್ನು ಕೇಳಿಕೊಂಡಿರಲಿಲ್ಲ. ಪ್ರವೀಣ ಲ್ಯಾಪ್‌ಟಾಪು ತಂದು ಹಳೆಯ ಅಧ್ಯಾಯಗಳನ್ನು ಜಾಲಾಡಿ ಕೊನೆಗೆ ಚಿತ್ರದ ಒಂದು ಚೌಕವನ್ನು ಹುಡುಕಿದ. ದರ್ಜಿ ತನ್ನ ದ್ವೀಪವನ್ನು ಬಿಟ್ಟು ಹೊರಡುವ ದಿನ, ದೂರದ ಬಾಗಿಲಲ್ಲಿ ಒಬ್ಬ ಹೆಂಗಸು ಈ ಕಡೆ ಬೆನ್ನು ಮಾಡಿ ನಿಂತಿದ್ದಾಳೆ. ಅವಳ ಬಗ್ಗೆ ಆಮೇಲೆ ಎಲ್ಲೂ ಇಲ್ಲ. ಹತ್ತು ನಿಮಿಷದಲ್ಲಿ ಹರ್ಷನ ಹೊಸ ಸಿದ್ಧಾಂತ ತಯಾರಾಯಿತು: ಪಟಗಳನ್ನು ಹೊಲಿಯುತ್ತಿರುವುದು ದರ್ಜಿಯಲ್ಲ, ಆ ಹೆಂಗಸು. ಗಂಡನನ್ನು ಹುಡುಕಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗುತ್ತ ಅವನಿಂದ ಕಲಿತ ಹೊಲಿಗೆಯನ್ನು ಹಾಕುತ್ತಿದ್ದಾಳೆ. ಪ್ರವೀಣ ಕೂಡ ಆ ಚೌಕವನ್ನು ದೊಡ್ಡದು ಮಾಡಿ ನೋಡಿದ.

“ಆಕಿಗೆ ಬ್ಯಾರೆ ಕೆಲಸ ಇಲ್ಲೇನು?” ಎಂದಳು ಚಿಗವ್ವ. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಆದರೆ ಆ ಚೌಕವನ್ನು ಇನ್ನೊಮ್ಮೆ ನೋಡಿ, “ಆಕಿ ಮಾರಿನೇ ಬರದಿಲ್ಲ ನೋಡ್ರಿ,” ಎಂದು ಹೇಳಿ ಬುಟ್ಟಿ ಎತ್ತಿಕೊಂಡು ಇಳಿದಳು. ಅಂದಿನಿಂದ ಪ್ರತಿ ಶನಿವಾರ ಮೆಟ್ಟಿಲು ಹತ್ತುವಾಗಲೇ ಅವಳ ಪ್ರಶ್ನೆ ಬರುತ್ತಿತ್ತು: “ದರ್ಜಿ ಸುದ್ದಿ ಏನರೆ ಬಂತೇನ್ರಿ?”

ಆ ವರ್ಷ ಶ್ರಾವಣ ಬಂತು. ಪಂಚಮಿಗೆ ಮೊದಲು ಬಳೆಗಾರ ಸಾಬ ಸೈಕಲ್ಲಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಬರುತ್ತಿದ್ದ. ಎಲ್ಲಕ್ಕಿಂತ ಮೊದಲು ಚಿಗವ್ವನ ಕೈಗೆ ಹಸಿರು ಬಳೆ. ಆಯಿ ತಾನೇ ಪಕ್ಕದಲ್ಲಿ ಕುಳಿತು ಸೊಸೆಯ ಮೊಣಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸಾಬ ಒಂದೊಂದೇ ಬಳೆ ಏರಿಸುವಾಗ “ಹಗೂರ, ಹಗೂರ,” ಎನ್ನುವುದು ವರ್ಷವರ್ಷದ ಪದ್ಧತಿ. ಆ ಸಲ ಸಾಬ ಗೇಟಿಗೆ ಬಂದು ಸೈಕಲ್ ಗಂಟೆ ಬಾರಿಸಿದಾಗ ಆಯಿ ಮಂಚದಿಂದ ಏಳಲಿಲ್ಲ.

“ಈ ಸರ್ತಿ ನಮ್ಮನ್ಯಾಗ ಬಳಿ ಬ್ಯಾಡಪಾ,” ಎಂದಳು.

ಸಾಬ ಚಿಗವ್ವನ ಕಡೆ ನೋಡಿದ. ಚಿಗವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಾಕಾ ಹೋಗಿ ಹನ್ನೆರಡು ವರ್ಷ ತುಂಬಿದ್ದು ಹೀಗೆ ನಮಗೆಲ್ಲ ಗೊತ್ತಾಯಿತು. ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ಎಣಿಸಿ, ಜೋಳದ ಹಿಟ್ಟಿನಲ್ಲಿ ಒಂದು ಗೊಂಬೆ ಮಾಡಿ, ಅದನ್ನು ಹೊತ್ತು ಮಣ್ಣು ಮಾಡುವುದು ನಮ್ಮವರಲ್ಲಿರುವ ಪದ್ಧತಿ. ಗೊಂಬೆಯನ್ನು ಎತ್ತುವ ಮೊದಲು ಹೆಂಡತಿಯ ಬಳೆ ಒಡೆಯಬೇಕು, ಕುಂಕುಮ ಒರೆಸಬೇಕು. ಕಾನೂನಿಗೆ ಏಳು ವರ್ಷ ಸಾಕಂತೆ, ಅದನ್ನು ನಾನು ಮುಂದೆ ಓದಿ ತಿಳಿದೆ. ಏಳಾಗಲಿ ಹನ್ನೆರಡಾಗಲಿ, ಹಿಂದಿನ ದಿನದವರೆಗೆ ಬದುಕಿದ್ದವನು ಮರುದಿನ ಬೆಳಗ್ಗೆ ಲೆಕ್ಕ ತುಂಬಿತೆಂದು ಹೇಗೆ ಸಾಯುತ್ತಾನೆ ಎಂದು ಇಂದಿಗೂ ಯಾರೂ ನನಗೆ ಸಮಾಧಾನವಾಗುವಂತೆ ಹೇಳಿಲ್ಲ. ಅಂದು ರಾತ್ರಿಯ ಊಟದಲ್ಲಿ ನಾನು ಅದನ್ನೇ ಕೇಳಿದೆ. ಆಯಿ ಸಿಟ್ಟಾಗುತ್ತಾಳೆ, ಅಪ್ಪ ಅಡ್ಡ ಬರುತ್ತಾನೆ, ಅವ್ವ ಅವನನ್ನು ಚುಚ್ಚುತ್ತಾಳೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ.

“ನಾ ಹೋಗೂದ್ರಾಗ ನನ್ನ ಮಗಗ ಮಣ್ಣು ಸಿಗಬೇಕು,” ಎಂದಳು ಆಯಿ. “ಅಮಾಸಿಗೆ ಮಾಡೂನು.”

ಅಪ್ಪ ರೊಟ್ಟಿ ಮುರಿದುಕೊಂಡ. ಅವ್ವ ಚಿಗವ್ವನ ತಟ್ಟೆಗೆ ಕೇಳದೆಯೇ ಪಲ್ಯ ಬಡಿಸಿದಳು. ಚಿಗವ್ವ ಊಟ ಮಾಡಿದಳು.

ಆ ವಾರವೇ ಶನಿವಾರ ಮಳೆ ಬಂದು ನಿಂತಿತ್ತು. ನಾನು ಮಾಳಿಗೆಗೆ ಹೋದಾಗ ಹುಡುಗರು ಕೋಣೆಯ ಒಳಗೆ ಬಾಗಿಲು ಹಾಕಿಕೊಂಡಿದ್ದರು. ಹರ್ಷ ನನ್ನನ್ನು ಒಳಗೆ ಎಳೆದು ಕಾಗದದ ಕಟ್ಟನ್ನು ಕೊಟ್ಟ. ಓದಿದೆ. ಮುದಿ ಕಪ್ತಾನನೊಬ್ಬ ಹೊಲಿದ ಪಟವನ್ನು ಮುಟ್ಟಿ ನೋಡಿ ಹೇಳುತ್ತಾನೆ: ಈ ಹೊಲಿಗೆ ಹಳೆಯದು. ದರ್ಜಿ ಹುಡುಗನಾಗಿದ್ದಾಗ ಇದೇ ದಾರಿಯಲ್ಲಿ ಬಂದಿದ್ದ, ಆಗ ಹೊಲಿದದ್ದು. ಅಂದರೆ ನಾವು ಅಷ್ಟು ದಿನ ಅವನು ಬದುಕಿದ್ದಾನೆ ಎಂಬುದಕ್ಕೆ ಎಣಿಸುತ್ತ ಬಂದ ಗುರುತುಗಳೆಲ್ಲ ಅವನು ಸುಳಿಗೆ ಬೀಳುವುದಕ್ಕೆ ಎಷ್ಟೋ ಮೊದಲಿನವು. ಕೊನೆಯ ಪುಟದಲ್ಲಿ ಕಡಲಿನ ತಳ. ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೊಪ್ಪಿಗೆ, ಅದು ಇನ್ನೂ ಮೂಳೆಯಾದ ಬೆರಳಿನಲ್ಲಿದೆ.

ನಾನು ಗೆದ್ದಿದ್ದೆ. ವರ್ಷಗಟ್ಟಲೆ ಇಬ್ಬರ ವಿರುದ್ಧ ಒಬ್ಬಳೇ ನಿಂತು ಗೆದ್ದ ವಾದ. ಬಾಯಿ ತೆರೆದೆ.

“ನೀನು ಹೇಳಿದ್ದೇ ಸರಿ ಆಯ್ತು ಮಾರಾಯ್ತಿ,” ಎಂದ ಪ್ರವೀಣ. “ಈಗ ಸ್ವಲ್ಪ ಮೆಲ್ಲ ಮಾತಾಡು. ಅವರು ಬಟ್ಟೆ ಹಾಕ್ಲಿಕ್ಕೆ ಬಂದಿದ್ದಾರೆ.”

“ಚಿಗವ್ವಂಗೆ ಹೇಳೋದು ಬೇಡ,” ಎಂದ ಹರ್ಷ. “ಅಮಾವಾಸ್ಯೆ ಕಳೀಲಿ.” ಕೆಳಗೆ ಏನು ನಡೆಯುತ್ತಿದೆ ಎಂದು ಅವ್ವ ಅವರಿಗೆ ಹೇಳಿದ್ದಳು.

“ಆಕಿ ಕೇಳಿದ್ರ?”

“ಬರೆಯೋರಿಗೆ ಹುಷಾರಿಲ್ಲ, ರಜೆ ಅಂದ್ರಾಯ್ತು. ಎಷ್ಟೋ ಸಲ ನಿಜವಾಗ್ಲೂ ರಜೆ ಹಾಕ್ತಾರೆ.”

ಸುಳ್ಳು ಸುಳ್ಳೇ, ದರ್ಜಿ ಒಂದು ಚಿತ್ರ, ಒಂದು ಚಿತ್ರ ಸತ್ತದ್ದಕ್ಕೂ ನಮ್ಮ ಮನೆಗೂ ಏನು ಸಂಬಂಧ ಎಂದು ನಾನು ವಾದಿಸಿದೆ. ಸಂಬಂಧವಿಲ್ಲ ಎಂದಾದರೆ ನೀನು ಇಷ್ಟು ಮೆಲ್ಲಗೆ ಯಾಕೆ ಮಾತಾಡುತ್ತಿದ್ದೀ ಎಂದು ಪ್ರವೀಣ ಕೇಳಿದ. ಬಾಗಿಲು ತೆರೆದೆವು. ತಂತಿಯ ಮೇಲೆ ಆಯಿಯ ಸೀರೆ ಹರವಿ ಚಿಗವ್ವ ಈ ಕಡೆ ತಿರುಗಿದಳು.

“ದರ್ಜಿ ಸುದ್ದಿ?”

“ರಜೆ ಚಿಗವ್ವ. ಬರೆಯೋರಿಗೆ ಜ್ವರ ಅಂತೆ,” ಎಂದ ಹರ್ಷ.

“ಪಾಪ,” ಎಂದಳು ಅವಳು.

ಮುಂದಿನ ಶನಿವಾರವೂ ಜ್ವರ ಬಿಟ್ಟಿರಲಿಲ್ಲ. ಆದರೆ ಕಥೆಯ ಮಾತಿಲ್ಲದೆ ಸುಮ್ಮನೆ ಕುಳಿತರೆ ಅನುಮಾನ ಬರುತ್ತದೆಂದು ಹುಡುಗರು ಬೇರೆ ರಹಸ್ಯಗಳನ್ನು ಹಿಡಿದುಕೊಂಡರು. ಮುಖವಾಡ ಹಾಕಿದ ಗವರ್ನರ್ ಯಾರು, ಉಪ್ಪಿನ ದ್ವೀಪದಲ್ಲಿ ಮುಚ್ಚಿಟ್ಟದ್ದು ಏನು ಎಂದು ದೊಡ್ಡ ದನಿಯಲ್ಲಿ ಕಿತ್ತಾಡಿದರು, ನಾನೂ ಸೇರಿಕೊಂಡೆ. ಚಿಗವ್ವ ಬಟ್ಟೆ ಹರವಿ ಮುಗಿಸಿ, ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ಎಲ್ಲವನ್ನೂ ಕೇಳಿದಳು. ಹರ್ಷನ ಚಹಾ ಆರಿತು.

“ದರ್ಜಿ ಸತ್ತನೇನ್ರಿ?” ಎಂದಳು.

ಹರ್ಷ ಲೋಟ ಕೆಳಗಿಟ್ಟು, “ಇಲ್ಲ ಚಿಗವ್ವ, ರಜೆ...” ಎಂದು ಶುರು ಮಾಡಿದ.

“ಸುಳ್ಳು ಹೇಳಬ್ಯಾಡ್ರಿ. ನಿಮಗ ಬರಂಗಿಲ್ಲ. ಗೊತ್ತಿಲ್ಲದ್ದಕ್ಕ ಎಲ್ಲಾ ಜಗಳ ಆಡತೀರಿ. ಆ ಗವರ್ನರಗ ಆಡಿದ್ರಿ, ಉಪ್ಪಿಗೆ ಆಡಿದ್ರಿ. ಹೋದ ವಾರದಿಂದ ದರ್ಜಿ ಸಲುವಾಗಿ ಒಬ್ರೂ ಬಾಯಿ ತಗದಿಲ್ಲ. ಜಗಳ ಮುಗದೈತಿ ಅಂದ್ರ ಮನಶ್ಯಾ ಮುಗದಾನಂತ.”

ಹರ್ಷ ಒಳಗೆ ಹೋಗಿ ಕಟ್ಟನ್ನು ತಂದು ಕೊಟ್ಟ. ಅವಳು ಬಲದಿಂದ ಎಡಕ್ಕೆ ಒಂದೊಂದೇ ಪುಟ ತಿರುವಿ ಕೊನೆಯ ಪುಟದವರೆಗೆ ನೋಡಿದಳು. ಆ ಹೊಲಿಗೆ ಹಳೆಯದು ಎಂದು ನಾನು ಹೇಳಿದೆ. ತಲೆಯಾಡಿಸಿದಳು. ಕಟ್ಟನ್ನು ಮಡಿಚಿ ವಾಪಸು ಕೊಟ್ಟಳು.

“ನಿಮ್ಮ ಕಾಕಾ ಹೋದ ಹೊಸದಾಗ,” ಎಂದಳು ನನ್ನ ಕಡೆ ತಿರುಗಿ, “ನಮ್ಮನ್ಯಾಗ ಉಣ್ಣಾಕ ಕುಂತ್ರ ಅವಂದೇ ಜಗಳ. ಸೊಲ್ಲಾಪುರಕ್ಕ ಹೋಗ್ಯಾನ ಅಂತ ನಿಮ್ಮಪ್ಪ. ಇಲ್ಲ, ಮುಂಬೈಗೆ ಅಂತ ನಿಮ್ಮವ್ವ. ನನ್ನ ಕೂಡ ಸಿಟ್ಟಾಗಿ ಹೋಗ್ಯಾನ ಅಂತ ಆಯಿ. ನಾ ಅವರಷ್ಟೂ ಮಂದಿ ಕೂಡ ಜಗಳ ಆಡತಿದ್ದೆ. ನೀ ತೊಟ್ಟಲದಾಗ ಅಳತಿದ್ದಿ, ಯಾರೂ ತೂಗತಿರಲಿಲ್ಲ. ಆಮ್ಯಾಲೆ ಯಾವಾಗ ನಿಂತ್ವೋ ಆ ಜಗಳ, ನನಗ ಗೊತ್ತಾಗ್ಲೇ ಇಲ್ಲ.”

ಬುಟ್ಟಿ ಎತ್ತಿಕೊಂಡಳು. ಮೆಟ್ಟಿಲ ತುದಿಯಲ್ಲಿ ನಿಂತು, “ನಾ ಹನ್ನೆರಡು ವರ್ಷ ಅಂತ ಎಣಿಸಾಕತ್ತಿದ್ದೆ ನೋಡ್ರಿ, ಅಂವ ಆ ಜಗಳ ನಿಂತಾಗನ ಹೋಗಿದ್ದ,” ಎಂದಳು ಹುಡುಗರಿಗೆ, ಒಂದು ಬಗೆಯ ನಾಚಿಕೆಯಿಂದ.

ಅಂದು ಸಂಜೆ ಅವಳು ಆಯಿಯ ಮಂಚದ ಬಳಿ ಹೋಗಿ, ಅಮಾವಾಸ್ಯೆಗೆ ತನ್ನದೇನೂ ತಕರಾರಿಲ್ಲ, ಆದರೆ ತನ್ನ ಬಳೆಗಳನ್ನು ಇನ್ನೊಬ್ಬರು ಒಡೆಯುವುದು ಬೇಡ, ತಾನೇ ತೆಗೆಯುತ್ತೇನೆ ಎಂದಳು. ಹಾಗೆ ಪದ್ಧತಿಯಿಲ್ಲ ಎಂದಳು ಆಯಿ. ಹೆಣವಿಲ್ಲದ ಹೆಣಕ್ಕೆ ಯಾವ ಪದ್ಧತಿ ಎಂದು ಅವ್ವ ಒಳಗಿನಿಂದ ಕೇಳಿದಳು. ಅದು ಆ ವಿಷಯಕ್ಕೆ ನಮ್ಮ ಮನೆಯಲ್ಲಿ ನಾನು ಕೇಳಿದ ಮೊದಲ ಎದುರುಮಾತು. ಆಯಿ ಗೋಡೆಯ ಕಡೆ ಹೊರಳಿ ಮಲಗಿದಳು, ಮತ್ತೆ ಬೇಡ ಎನ್ನಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಅಪ್ಪ ಊರಿನಿಂದ ಬರುವ ನೆಂಟರನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋಗಿದ್ದ. ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ನಾಳೆಯ ಗೊಂಬೆಗೆ, ನಾಳೆಯ ಊಟಕ್ಕೆ, ಎರಡಕ್ಕೂ ಒಂದೇ ಜೋಳ. ಹಿತ್ತಲಿನ ನಳದ ಬಳಿ ಚಿಗವ್ವ ಪಾತ್ರೆ ತೊಳೆದು ಮುಗಿಸಿ ನನ್ನನ್ನು ಕರೆದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೋಪಿನ ತುಂಡು ಇತ್ತು.

“ನಿಮ್ಮ ಸಾಲ್ಯಾಗ ವಾದಕ್ಕ ನಿಂದ್ರಸತಾರಲ್ಲ, ಯಾರು ಯಾವ ಕಡೆ ಅಂತ ಹೆಂಗ ಗೊತ್ತಾಗತೈತಿ?”

“ಚೀಟಿ ಎತ್ತತೀವಿ. ಬಂದದ್ದರ ಪರ ಮಾತಾಡಬೇಕು. ನಾವು ನಂಬಿರಲಿ, ಬಿಟ್ಟಿರಲಿ.”

“ಹಂಗಾದ್ರ ನಿನಗ ನಿಮ್ಮ ಕಾಕಾ ಬದುಕ್ಯಾನ ಅನ್ನೂ ಚೀಟಿ ಬಂದೈತಿ ಅಂತ ತಿಳ್ಕೊ. ನನಗ ಸತ್ತಾನ ಅನ್ನೂದು. ಮಾತಾಡು.”

“ಯಾಕ ಚಿಗವ್ವ?”

“ಎಷ್ಟೋ ವರ್ಷದಿಂದ ಅವನ ಪರ ಒಬ್ರೂ ಜಗಳ ಆಡಿಲ್ಲ. ನಾನೂ ಆಡಿಲ್ಲ. ಜಗಳ ಇಲ್ದ ಹಂಗ ಕಳಸಬಾರದು.”

ನಾನು ಯಾವಾಗಲೂ ಇಲ್ಲ ಎನ್ನುವ ಕಡೆಯವಳು. ಇದೆ ಎನ್ನುವ ಚೀಟಿ ಬಂದಾಗಲೆಲ್ಲ ಶಾಲೆಯಲ್ಲಿ ನನ್ನ ಅಂಕ ಕಡಿಮೆಯಾಗುತ್ತಿತ್ತು. ಆದರೂ ಎದ್ದು ನಿಂತೆ, ಕೈಗಳನ್ನು ಹಿಂದೆ ಕಟ್ಟಿಕೊಂಡೆ. ಅವಳು ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಳು.

ಹೆಣ ಸಿಕ್ಕಿಲ್ಲ ಎಂದೆ. ಹರ್ಷನ ರೂಲನ್ನು ನಾನೇ ಎತ್ತಿ ಹಿಡಿದಿದ್ದೆ.

“ಈ ಊರಾಗ ಹೆಸರಿಲ್ದ ಎಷ್ಟು ಹೆಣ ಹೋಗತಾವ,” ಎಂದಳು. “ನಿಮ್ಮಪ್ಪ ದವಾಖಾನಿ ದವಾಖಾನಿ ಅಡ್ಡಾಡಿ ನೋಡಿ ನೋಡಿ ಬಂದು ವಾಂತಿ ಮಾಡ್ಕೋತಿದ್ದ. ಕಡೀಕ ಹೋಗೂದು ಬಿಟ್ಟ. ಸಿಕ್ಕಿಲ್ಲ ಅನಬ್ಯಾಡ, ಹುಡುಕೂದು ಬಿಟ್ವಿ ಅನ್ನು.”

ಪೆಟ್ಟು ಬಿದ್ದು ನೆನಪು ಹೋಗಿರಬಹುದು ಎಂದೆ.

“ಅದು ಸಿನಿಮಾದಾಗ.”

ಬೇರೆ ಊರಿನಲ್ಲಿ ಬೇರೆ ಸಂಸಾರ ಮಾಡಿಕೊಂಡಿರಬಹುದು ಎಂದೆ. ಹೇಳಿದ ಮೇಲೆ ಹೆದರಿದೆ. ಅವಳು ಸೋಪಿನ ತುಂಡನ್ನು ಕೈಯಲ್ಲಿ ತಿರುಗಿಸಿದಳು.

“ಅದನ್ನ ನಾ ಭಾಳ ದಿನ ನಂಬಿದ್ದೆ ಸವಿ. ಹಂಗ ಆಗಿದ್ರ ಚಲೋ ಇತ್ತು. ಆದ್ರ ನನ್ನ ಬಿಟ್ಟಾನು, ತನ್ನ ಹಡದವ್ವನ್ನ ಬಿಟ್ಟು ಇರೂ ಮನಶ್ಯಾ ಅಲ್ಲ ಅಂವ.”

ನನ್ನ ಬಳಿ ಒಂದು ದೊಡ್ಡ ಸಾಕ್ಷ್ಯವಿತ್ತು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬಲವಾದದ್ದನ್ನು ಕೊನೆಯಲ್ಲಿ ಹೇಳಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಕಾಕಾ ಹೋದ ವರ್ಷದ ದೀಪಾವಳಿಗೆ ಬೀದಿಯ ಕೊನೆಯ ಕಿರಾಣಿ ಅಂಗಡಿಗೆ ಒಂದು ಫೋನು ಬಂದಿತ್ತಂತೆ. ನಮ್ಮ ಆಯಿಯನ್ನು ಕರೆಯಿರಿ ಎಂದು ಯಾರೋ ದಪ್ಪ ದನಿಯಲ್ಲಿ ಹೇಳಿದರಂತೆ. ಆಯಿ ಓಡಿಹೋಗಿ ಹಿಡಿದಾಗ ಆ ಕಡೆಯಿಂದ ಮಾತಿಲ್ಲ, ಉಸಿರು ಮಾತ್ರ. “ಭೀಮೂ” ಎಂದ ಕೂಡಲೇ ಫೋನು ಕಟ್ಟಾಯಿತಂತೆ. ಆಯಿ ಅದನ್ನು ನನಗೊಬ್ಬಳಿಗೇ ಎಷ್ಟೋ ಸಲ ಪಿಸುಮಾತಿನಲ್ಲಿ ಹೇಳಿದ್ದಳು. ಸತ್ತವನು ಫೋನು ಮಾಡುತ್ತಾನೆಯೇ ಎಂದು ನಾನು ಕೇಳಿದೆ. ದನಿ ಎತ್ತಿಯೇ ಕೇಳಿದೆ, ಯಾಕೆಂದರೆ ಆ ಹೊತ್ತಿಗೆ ನನಗೆ ಗೆಲ್ಲಬೇಕೆನಿಸಿತ್ತು. ಅಷ್ಟು ಗೆಲ್ಲಬೇಕೆಂದು ಆಮೇಲೆ ಯಾವ ಸಭೆಯಲ್ಲೂ ಅನಿಸಿಲ್ಲ.

“ಅದು ನಾನ ಮಾಡಿದ್ದು,” ಎಂದಳು ಚಿಗವ್ವ.

ನಳದಿಂದ ನೀರು ಹನಿಯುತ್ತಿತ್ತು.

“ಆಯಿ ಉಣ್ಣೂದು ಬಿಟ್ಟಿದ್ದಳು. ನೀರೂ ಸೈತ ಒಲ್ಲೆ ಅಂತಿದ್ದಳು. ದಿಲ್‌ಸುಖ್‌ನಗರಕ್ಕ ಹೋಗಿ ಎಸ್‌ಟಿಡಿ ಬೂತಿನ್ಯಾಗ ಕುಂತ ಮುದುಕಗ ಅಷ್ಟು ಮಾತಾಡಪಾ ಅಂತ ಕಾಲಿಗೆ ಬಿದ್ದೆ. ಆಕಿ ಬಂದ ಮ್ಯಾಲೆ ಫೋನ್ ನಾ ಹಿಡದಿದ್ದೆ.” ಆಮೇಲೆ ಹೇಳಿದಳು: “ಮನಿಗೆ ಬಂದು ನೋಡತೀನಿ, ಉಣ್ಣಾಕತ್ತಿದ್ದಳು. ಆಯಿಗೆ ಹೇಳಬ್ಯಾಡ.”

ಆಯಿಗೆ ನಾನು ಹೇಳಲಿಲ್ಲ. ಅವಳು ಈಗ ಇಲ್ಲ.

“ಇನ್ನೂ ಐತೇನು?” ಎಂದು ಕೇಳಿದಳು ಚಿಗವ್ವ. ಅವಸರವಿರಲಿಲ್ಲ. ನಾನು ಹೇಳಿದರೆ ಕೇಳುವವಳಂತೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹುಡುಕಿದೆ. ರೈಲು, ಜೈಲು, ದುಬೈ, ಹಡಗು, ಏನೇನೋ ಬಂದವು. ಒಂದಕ್ಕೂ ತೋರಿಸಲು ಪುಟವಿರಲಿಲ್ಲ. ಹೊರಗೆ ಗೇಟಿನ ಬಳಿ ಆಟೋ ನಿಂತ ಸದ್ದು, ನೆಂಟರ ದನಿಗಳು.

“ಇಲ್ಲ,” ಎಂದು ಅವಳ ಪಕ್ಕ ಕುಳಿತೆ.

ಅವಳು ಎಡಗೈಯನ್ನು ನಳಕ್ಕೆ ಒಡ್ಡಿ ನೆನೆಸಿಕೊಂಡು ಸೋಪು ಹಚ್ಚಿದಳು. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ ಬಳೆಗಳನ್ನು ಒಂದೊಂದಾಗಿ ಜಾರಿಸಿ ಕಲ್ಲಿನ ಮೇಲಿಟ್ಟಳು, ಒಂದೂ ಒಡೆಯದಂತೆ. ಬಲಗೈಯವು ಬಿಗಿಯಾಗಿದ್ದವು. ಸೋಪಿನ ಕೈಯಿಂದ ಹಿಡಿದರೆ ಜಾರುತ್ತಿತ್ತು. ಎರಡು ಸಲ ನೋಡಿದಳು, ಆಗಲಿಲ್ಲ. ಮೊಣಕೈಯನ್ನು ನನ್ನ ತೊಡೆಯ ಮೇಲಿಟ್ಟು ಕೈ ಚಾಚಿದಳು.

“ನೀ ತಗಿ,” ಎಂದಳು.

ತೆಗೆದೆ.